ಒಬ್ಬನೇ ಆಡುವುದು ಬೇರೆ, ಆಟಕ್ಕೆ ಸೇರಿಸದಿರುವುದು ಬೇರೆ

ನಿಮ್ಮ ನಾಲ್ಕು ವರ್ಷದ ಮಗ ಶಾಲೆಯಲ್ಲಿ ಯಾರೊಂದಿಗೂ ಬೆರೆಯುವುದಿಲ್ಲ. ಈಚೆಗೆ ‘ನನ್ನನ್ನ ಆಟಕ್ಕೆ ಸೇರಿಸ್ಕೊಳ್ಳಲ್ಲ’ ಎನ್ನುತ್ತಾನೆ. ಟೀಚರ್ ಮಾತ್ರ ‘ಒಳ್ಳೆ ಹುಡುಗ, ಗಲಾಟೆನೇ ಇಲ್ಲ’ ಎನ್ನುತ್ತಾರೆ. ಅವನ ಅಪ್ಪ ‘ನೀನೂ ತಿರುಗಿಸಿ ಹೊಡಿ’ ಎಂದು ಹೇಳಿಕೊಡುತ್ತಿದ್ದಾರೆ. ಸುಮ್ನೆ ಬಿಟ್ಟರೆ ತಾನಾಗಿ ಸರಿಹೋಗುತ್ತಾ ಎಂದು ಕೇಳಿದ್ದೀರಿ.

ಒಬ್ಬನೇ ಆಡುವುದನ್ನು ಕಂಡು ಗಾಬರಿಯಾಗಬೇಡಿ. ಚಿಕ್ಕ ಮಕ್ಕಳ ಆಟವನ್ನು ಗಮನಿಸಿದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಅದರ ಬಗೆಗಳನ್ನು ಗುರುತಿಸಿದ್ದರು: ಒಂಟಿ ಆಟ, ದೂರ ನಿಂತು ನೋಡುವುದು, ಪಕ್ಕದಲ್ಲೇ ಕೂತು ತನ್ನ ಪಾಡಿಗೆ ಆಡುವುದು, ಕೂಡಿ ಆಡುವುದು. ಒಂಟಿ ಆಟವೆಂದರೆ ಬೆಳವಣಿಗೆ ಹಿಂದುಳಿದಂತೆ ಎಂಬ ಭಾವನೆ ಬಹಳ ಕಾಲ ಇತ್ತು. ಮನಶ್ಶಾಸ್ತ್ರಜ್ಞರಾದ ಕೆನೆತ್ ರೂಬಿನ್, ರಾಬರ್ಟ್ ಕೋಪ್ಲನ್ ಮೊದಲಾದವರ ಕೆಲಸದಿಂದ ಚಿತ್ರ ಬದಲಾಯಿತು. ಕೆಲವು ಮಕ್ಕಳಿಗೆ ಒಬ್ಬರೇ ಇರುವುದು ಇಷ್ಟ. ಬ್ಲಾಕ್ ಜೋಡಿಸುತ್ತಾ ಹಾಯಾಗಿರುತ್ತಾರೆ, ಯಾರಾದರೂ ಕರೆದರೆ ಹೋಗುತ್ತಾರೆ. ಇನ್ನು ಕೆಲವರಿಗೆ ಸೇರಬೇಕೆಂಬ ಆಸೆಯೂ ಇದೆ, ಅಂಜಿಕೆಯೂ ಇದೆ. ಅಂಥ ಮಗು ಆಟದ ಅಂಚಿನಲ್ಲಿ ಕೈಕಟ್ಟಿ ನಿಂತು ನೋಡುತ್ತಿರುತ್ತದೆ. ನಿಮ್ಮ ಮಗ ‘ಸೇರಿಸ್ಕೊಳ್ಳಲ್ಲ’ ಎಂದು ಬೇಸರಪಟ್ಟಿದ್ದಾನೆ ಅಂದರೆ ಅವನಿಗೆ ಆಸೆ ಇದೆ ಅಂತಲೇ ಅರ್ಥ, ಅಲ್ವಾ?

ಇನ್ನು ಕಾಟದ (ಬುಲ್ಲಿಯಿಂಗ್) ವಿಷಯ. ಒಂದು ದಿನದ ಜಗಳವನ್ನು ಕಾಟ ಎನ್ನಲಾಗದು. ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಎದುರಿಗಿರುವವನಿಗೆ ತಡೆಯುವ ಬಲ ಇಲ್ಲದಿರುವುದು: ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಕೊಟ್ಟ ಈ ಗುರುತುಗಳನ್ನೇ ಇಂದಿಗೂ ಬಳಸುತ್ತಾರೆ. ಇದು ಹೊಡೆತವೇ ಆಗಬೇಕಿಲ್ಲ. ‘ನಿನ್ನ ಜೊತೆ ಠೂ’, ‘ಬರ್ತ್‌ಡೇಗೆ ಕರೆಯಲ್ಲ’, ‘ಅವನ ಜೊತೆ ಯಾರೂ ಮಾತಾಡಬೇಡಿ’ ಎಂಬ ಅಸ್ತ್ರಗಳನ್ನು ಮೂರು ನಾಲ್ಕು ವರ್ಷದವರೇ ಪ್ರಯೋಗಿಸುತ್ತಾರೆ. ನಿಕಿ ಕ್ರಿಕ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಶಾಲಾಪೂರ್ವ ಮಕ್ಕಳಲ್ಲೇ ತೋರಿಸಿದರು. ಗಾಯ ಕಾಣುವುದಿಲ್ಲವಾದ್ದರಿಂದ ದೊಡ್ಡವರ ಕಣ್ಣು ತಪ್ಪುತ್ತದೆ. ಗಲಾಟೆ ಮಾಡುವವನನ್ನು ಎಲ್ಲರೂ ನೋಡುತ್ತಾರೆ, ಸುಮ್ಮನಿರುವವನನ್ನು ಹೊಗಳಿ ಮರೆಯುತ್ತಾರೆ.

ಹಿಂಜರಿಯುವ ಮಗು ಎದುರು ಹೇಳುವುದಿಲ್ಲ, ದೂರು ಕೊಡುವುದಿಲ್ಲ, ಪಕ್ಕದಲ್ಲಿ ಗೆಳೆಯನೂ ಇರುವುದಿಲ್ಲ. ಹಾಗಾಗಿ ಸುಲಭವಾಗಿ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಮೇಲೆ ಇನ್ನಷ್ಟು ಹಿಂದೆ ಸರಿಯುತ್ತದೆ. ಈ ಸುತ್ತು ಗಟ್ಟಿಯಾಗುವ ಮೊದಲೇ ಬಿಡಿಸಬೇಕು. ಈ ವಯಸ್ಸಿನಲ್ಲಿ ಇನ್ನೂ ಯಾರ ಜಾಗವೂ ಖಾಯಂ ಆಗಿರುವುದಿಲ್ಲ. ಇವತ್ತು ಕಾಟಕ್ಕೆ ಸಿಕ್ಕವನು ಕೆಲವು ತಿಂಗಳ ನಂತರ ಗುಂಪಿನೊಳಗೆ ಇರಬಹುದು.

ತಿರುಗಿಸಿ ಹೊಡೆಯುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಬೆಕಿ ಕೋಚೆಂಡರ್ಫರ್ ಮತ್ತು ಗ್ಯಾರಿ ಲ್ಯಾಡ್ 1997ರ ಅಧ್ಯಯನದಲ್ಲಿ ಕಂಡಂತೆ, ಹೊಡೆದಾಟಕ್ಕೆ ಇಳಿದ ಗಂಡುಮಕ್ಕಳಿಗೆ ಕಾಟ ಮುಂದುವರಿಯುವುದೇ ಜಾಸ್ತಿ. ಗೆಳೆಯನ ನೆರವು ಸಿಕ್ಕವರಿಗೆ ಕಡಿಮೆಯಾಗಿತ್ತು. ಅಂದರೆ ಅವನಿಗೆ ಬೇಕಿರುವುದು ಒಬ್ಬ ಗೆಳೆಯ. ಇಡೀ ತರಗತಿಯ ಜೊತೆ ಬೆರೆಯಬೇಕಿಲ್ಲ.

ಅದನ್ನು ಹೇಗೆ ಹೊಂದಿಸುವುದು? ಇಲ್ಲಿ ಒಂದು ಹಳೆಯ ಪ್ರಯೋಗ ನನಗೆ ತುಂಬಾ ಇಷ್ಟ. 1979ರಲ್ಲಿ ಫರ್ಮನ್, ರಾಹೆ ಮತ್ತು ಹಾರ್ಟಪ್ ಹಿಂಜರಿಯುವ ಮಕ್ಕಳನ್ನು ಒಬ್ಬೊಬ್ಬ ಜೊತೆಗಾರನೊಂದಿಗೆ ಆಡಲು ಬಿಟ್ಟರು. ಕೆಲವರಿಗೆ ಸರಿವಯಸ್ಸಿನವರು, ಕೆಲವರಿಗೆ ಒಂದು ವರ್ಷಕ್ಕಿಂತ ಹೆಚ್ಚು ಚಿಕ್ಕವರು. ಹತ್ತು ಸಲದ ಆಟದ ಬಳಿಕ ತರಗತಿಯಲ್ಲಿ ಹೆಚ್ಚು ಬೆರೆತವರು ಚಿಕ್ಕವರೊಂದಿಗೆ ಆಡಿದವರು! ಚಿಕ್ಕವನ ಎದುರು ತಾನೇ ಮುಂದಾಳು ಆಗಬಹುದಲ್ಲ. ಮನೆಗೆ ಒಬ್ಬ ಪುಟ್ಟ ಮಗುವನ್ನು ಆಗಾಗ ಕರೆಸಿ. ಆಟ ಶುರುವಾದ ಮೇಲೆ ನೀವು ಅಡುಗೆಮನೆಗೆ ಹೋಗಿಬಿಡಿ. ಅವನ ಪರವಾಗಿ ಮಾತಾಡುವುದು, ಕಷ್ಟ ಬರುವ ಮೊದಲೇ ಎತ್ತಿಕೊಳ್ಳುವುದು ಅಂಜಿಕೆಯನ್ನು ಉಳಿಸುತ್ತದೆ. ‘ಹೋಗು, ಆಡು’ ಎಂದು ನೂಕುವುದೂ ಅಷ್ಟೇ ಕೆಟ್ಟದ್ದು.

ಟೀಚರ್ ಹತ್ತಿರ ‘ಹೇಗಿದ್ದಾನೆ?’ ಎಂದು ಕೇಳಬೇಡಿ. ‘ಇವತ್ತು ಯಾರ ಪಕ್ಕ ಕೂತಿದ್ದ? ಆಟದ ಹೊತ್ತಿನಲ್ಲಿ ಎಲ್ಲಿ ನಿಂತಿದ್ದ? ಬೇಡ ಅಂದವರು ಯಾರು?’ ಎಂದು ಕೇಳಿ. ‘ಸೇರಿಸಲ್ಲ’ ಎನ್ನುವುದನ್ನು ತಡೆಯುವ ಹೊಣೆ ದೊಡ್ಡವರದು, ನಾಲ್ಕು ವರ್ಷದವನದಲ್ಲ. ಶಾಲೆ ಬದಲಿಸುವ ಯೋಚನೆ ಆಮೇಲೆ.

ಮನೆಯಲ್ಲಿ ಮಾತಾಡುವವನು ಶಾಲೆಯಲ್ಲಿ ತಿಂಗಳಿಗೂ ಮೀರಿ ಬಾಯೇ ಬಿಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಮಾತು ತಡವಾಗಿದ್ದರೆ ಮಾತ್ರ ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ.