ಪ್ರತಿಕ್ರಿಯೆ: ಹಿಂದೆ ಸರಿಯುವುದೆಲ್ಲ ದೀನತೆಯೇ?

ಸಹೋದರಿ, ಚರ್ಚಿನ ಗಾಯನವೃಂದವಾದ ಕ್ವಾಯರಿನಲ್ಲಿ ಕಿರಿಯಳೊಬ್ಬಳಿಗೆ ಮುಖ್ಯ ಗಾಯನವನ್ನು ಒಪ್ಪಿಸಿದಾಗ ‘ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ’ ಎಂದು ನೀವು ಹಿಂದೆ ಸರಿಯುವುದು ದೀನತೆಯೇ, ಅಂದರೆ ವಿನಯವೇ, ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ತಿಳಿವಳಿಕೆ. ಅನೇಕ ಸಲ ಅದು ಭಕ್ತಿಯ ವೇಷ ತೊಟ್ಟ ಮುನಿಸು. ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದ 2ನೇ ಅಧ್ಯಾಯವು ಇತರರನ್ನು ನಮಗಿಂತ ಶ್ರೇಷ್ಠರೆಂದು ಎಣಿಸಲು ಹೇಳುತ್ತದೆಯೇ ಹೊರತು ದೇವರು ಕೊಟ್ಟ ವರವನ್ನು ಅಲ್ಲಗಳೆಯಲು ಹೇಳುವುದಿಲ್ಲ. ಅದನ್ನು ಬರೆದಾಗ ಪೌಲನು ಸೆರೆಯಲ್ಲಿದ್ದನು. ಹೊರಗೆ ಕೆಲವರು ಹೊಟ್ಟೆಕಿಚ್ಚಿನಿಂದಲೇ ಸುವಾರ್ತೆ ಸಾರುತ್ತಿದ್ದರೂ, ಹೇಗಾದರೂ ಕ್ರಿಸ್ತನ ಹೆಸರು ಹಬ್ಬುತ್ತಿದೆಯಲ್ಲ ಎಂದು ಅವನು ಸಂತೋಷಪಟ್ಟದ್ದನ್ನು 1ನೇ ಅಧ್ಯಾಯದ 15ರಿಂದ 18ನೇ ವಚನಗಳಲ್ಲಿ ಓದಬಹುದು. ಆದುದರಿಂದ ಅಭ್ಯಾಸಕ್ಕೆ ತಪ್ಪದೆ ಹೋಗಿ. ಆ ಹುಡುಗಿ ಶ್ರುತಿ ತಪ್ಪಿದರೆ ಎಲ್ಲರೆದುರು ತಿದ್ದದೆ ಪಕ್ಕಕ್ಕೆ ಕರೆದು ಹೇಳಿಕೊಡಿ, ಭಾನುವಾರ ನಿಮ್ಮ ಧ್ವನಿ ಅವಳ ಧ್ವನಿಯನ್ನು ಮುಚ್ಚಿಹಾಕದಂತೆ ಹಾಡಿ.