ಪ್ರತಿಕ್ರಿಯೆ: ಕೆಜಿಎಫ್ ಗಣಿಯೊಳಗೆ ಪ್ರವಾಸಿಗರನ್ನು ಇಳಿಸಬಹುದಾ?

ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯ ಹಾಗೆ ಕೆಜಿಎಫ್‌ನಲ್ಲೂ ಜನರನ್ನು ಕೆಳಗಿಳಿಸಿ ತೋರಿಸಬಹುದಲ್ವಾ ಎಂದು ಕೇಳಿದ್ದೀರಿ. ಆಳಕ್ಕೆ ಇಳಿಸುವ ಆಸೆ ಬಿಟ್ಟುಬಿಡಿ. ವಿಯೆಲಿಚ್ಕಾದಲ್ಲಿ ಪ್ರವಾಸಿಗರು ಹೋಗುವುದು ಸುಮಾರು 135 ಮೀಟರ್‌ವರೆಗೆ ಮಾತ್ರ. ಕೆಜಿಎಫ್‌ನ ನಮ್ಮ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಜಾಸ್ತಿ ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ಒತ್ತಡ ತಾಳದೆ ಬಂಡೆ ಸಿಡಿಯುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು. ನೀರೆತ್ತುವ ಪಂಪ್ ನಿಂತ ಮೇಲೆ ಒಳಗೆಲ್ಲಾ ನೀರು ತುಂಬಿಕೊಂಡಿದೆ.

 

ಚಿನ್ನ ಬಿಟ್ಟು ಬೇರೆ ಕೆಲಸಕ್ಕೂ ಈ ಗಣಿ ಬಂದಿದೆ. 1965ರಲ್ಲಿ, ಇನ್ನೂ ಚಿನ್ನ ತೆಗೆಯುತ್ತಿದ್ದಾಗಲೇ, ವಿಜ್ಞಾನಿಗಳು 2 ಕಿಲೋಮೀಟರ್‌ಗೂ ಕೆಳಗೆ ಉಪಕರಣ ಇಟ್ಟು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು (ಬಂಡೆಯನ್ನೂ ತೂರಿ ಹೋಗುವ ಅತಿ ಸೂಕ್ಷ್ಮ ಕಣಗಳನ್ನು) ಪತ್ತೆಹಚ್ಚಿದರು. ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆಯೇ ತಡೆಯುತ್ತಿತ್ತು. ಈ ಕಥೆ ನಮ್ಮ ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲವೋ!

ನನ್ನ ಲೆಕ್ಕದಲ್ಲಿ ತೋರಿಸಬೇಕಾದದ್ದು ನೆಲದ ಮೇಲೇ ಇದೆ: ಶಾಫ್ಟ್ (ಗಣಿಗೆ ಇಳಿಯುವ ಬಾವಿಯಂಥ ಗುಂಡಿ) ಮೇಲಿನ ಕಬ್ಬಿಣದ ಗೋಪುರಗಳು, ಬ್ರಿಟಿಷರ ಬಂಗಲೆಗಳು, ಕಾರ್ಮಿಕರ ಲೈನ್ ಮನೆಗಳು. ಆದರೆ ಮೊದಲು ಸೈನೈಡ್ ಗುಡ್ಡಗಳ (ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿಗಳ) ದೂಳು ಊರಿಗೆ ಹಾರದ ಹಾಗೆ ಮಾಡಬೇಕು.