ಪ್ರೆಶರ್ ಪಂಪ್ ಹಾಕಿದ ಮೇಲೆ ಬಿಸಿನೀರು ಎಲ್ಲಿ ಹೋಯಿತು?

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಮಾಳಿಗೆ ಮನೆ. ತಾರಸಿಯಲ್ಲಿ ಗಾಜಿನ ಟ್ಯೂಬಿನ 200 ಲೀಟರ್ ಸೋಲಾರ್ ಇದೆ. ಮೇಲಿನ ಬಚ್ಚಲಲ್ಲಿ ಶವರ್ ನೂಲಿನಂತೆ ಇಳಿಯುತ್ತಿತ್ತೆಂದು ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಹಾಕಿಸಿದೆವು. ಈಗ ಶವರಿನಲ್ಲಿ ಬಿಸಿನೀರೇ ಇಲ್ಲ. ಸೋಲಾರ್ ಟ್ಯಾಂಕಿನ ಗಾಳಿಯಾಡಲು ತೆರೆದಿಟ್ಟ ಏರ್ ಪೈಪಿನಿಂದ ತಾರಸಿಗೆ ನೀರು ಚೆಲ್ಲುತ್ತಿದೆ. ಒಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಸಾಕೆನ್ನುತ್ತಾರೆ ಪ್ಲಂಬರ್. ಹೌದೇ? ಕೆಳಗಿನ ಅಡುಗೆಮನೆಗೆ ಬಿಸಿನೀರು ಬರಬೇಕಾದರೆ ಮೊದಲು ಅರ್ಧ ಬಕೆಟ್ ತಣ್ಣೀರು ಬಿಡಬೇಕು. ಅದಕ್ಕೂ ದಾರಿ ಹೇಳಿ.

ಉತ್ತರ: ಬಿಸಿನೀರಿನ ಲೈನಿಗೆ ಎನ್‌ಆರ್‌ವಿ ಹಾಕಿದರೆ ತಾರಸಿ ಒಣಗೀತು, ಶವರಿಗೆ ಬಿಸಿನೀರು ಮಾತ್ರ ಬರಲಾರದು.

ನೀರು 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ. ನಿಮ್ಮ ಶವರಿನಿಂದ ಟ್ಯಾಂಕಿನ ನೀರಿನ ಮಟ್ಟ ಹೆಚ್ಚೆಂದರೆ 2 ಮೀಟರ್ ಮೇಲಿದ್ದೀತು, ಅಂದರೆ 0.2 ಬಾರ್. ಮನೆಬಳಕೆಯ ಪಂಪ್ ಸುಲಭವಾಗಿ 1ರಿಂದ 1.5 ಬಾರ್ ಕೊಡುತ್ತದೆ. ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯೊಳಗೆ ಎರಡೂ ಎದುರಾದಾಗ ತಣ್ಣೀರು ಬಿಸಿನೀರಿನ ಪೈಪನ್ನೇ ಹಿಡಿದು ತಾರಸಿಗೆ ಏರುತ್ತದೆ. ಸೋಲಾರಿಗೆ ತಣ್ಣೀರು ಕೊಡುವ ಪೈಪಿನಲ್ಲಿ ಎನ್‌ಆರ್‌ವಿ ಇದ್ದರೆ ಏರ್ ಪೈಪಿನಿಂದ ಚೆಲ್ಲುತ್ತದೆ. ಇಲ್ಲದಿದ್ದರೆ ತಣ್ಣೀರಿನ ಟ್ಯಾಂಕೇ ಬೆಚ್ಚಗಾಗುತ್ತದೆ. ಮಿಕ್ಸರ್ ತೆರೆದಿಟ್ಟು ಹ್ಯಾಂಡ್ ಶವರಿನ ಗುಂಡಿಯಲ್ಲೇ ನೀರು ನಿಲ್ಲಿಸುವ ಅಭ್ಯಾಸವಿದ್ದರೆ ಇದು ದಿನವಿಡೀ ನಡೆಯುತ್ತದೆ.

ಪರೀಕ್ಷೆ ಸುಲಭ. ಸೋಲಾರಿನಿಂದ ಇಳಿಯುವ ಬಾಲ್ ವಾಲ್ವ್ ಮುಚ್ಚಿ. ಮಿಕ್ಸರಿನ ಎರಡೂ ತಿರುಪು ಅರ್ಧ ತೆರೆದು, ಅಡುಗೆಮನೆಯ ಬಿಸಿನೀರಿನ ನಲ್ಲಿ ಬಿಡಿ. ಆಗಲೂ ನೀರು ರಭಸದಿಂದ ಬಂದರೆ ಅದು ಮಿಕ್ಸರ್ ದಾಟಿ ಬಂದ ತಣ್ಣೀರೇ.

ಏರ್ ಪೈಪಿಗೆ ಎಂಡ್ ಕ್ಯಾಪ್ ಹಾಕುವ ಬುದ್ಧಿವಂತಿಕೆ ಮಾತ್ರ ಬೇಡ. ಈ ಬಗೆಯ ಸಾಮಾನ್ಯ ಟ್ಯಾಂಕ್ ಒತ್ತಡ ತಾಳದು. ಟ್ಯೂಬಿನ ರಬ್ಬರ್ ಸೀಲಿನಲ್ಲಿ ಸೋರುತ್ತದೆ, ನೀರು ಖಾಲಿಯಾಗುವಾಗ ಗಾಳಿ ಸಿಗದೆ ಟ್ಯಾಂಕ್ ಒಳಕ್ಕೆ ನಜ್ಜಾಗಲೂಬಹುದು.

ಸರಿಯಾದ ದಾರಿ, ಬಿಸಿನೀರಿನ ಲೈನಿಗೂ ಅಷ್ಟೇ ಒತ್ತಡದ ಇನ್ನೊಂದು ಪಂಪ್. ಅದು ಸೋಲಾರ್ ಟ್ಯಾಂಕಿನಿಂದ ಹೊರಬಂದ ಮೇಲೆ ಕೂರಬೇಕು, ಟ್ಯಾಂಕಿನೊಳಕ್ಕೆ ಒತ್ತುವಂತಲ್ಲ. ಪಂಪಿನ ಪ್ಲೇಟಿನಲ್ಲಿ ನೀರಿನ ಉಷ್ಣತೆ 90 ಡಿಗ್ರಿ ಎಂದಿದೆಯೇ ನೋಡಿ; ಬೇಸಗೆಯಲ್ಲಿ ಎರಡು ದಿನ ನೀರು ಬಳಸದಿದ್ದರೆ ಸಾಮಾನ್ಯ ಪಂಪಿನ ಸೀಲ್ ಉಳಿಯದಷ್ಟು ಕಾಯುತ್ತದೆ. ಪಂಪಿನ ಆಚೀಚೆ ಬಿಳಿ ಯುಪಿವಿಸಿ ಸೇರಿಸಲು ಬಿಡಬೇಡಿ, ಬಿಸಿನೀರು ತಾಳುವ ಸಿಪಿವಿಸಿ ಪೈಪೇ ಬೇಕು. ಎನ್‌ಆರ್‌ವಿ ಇರಬೇಕಾದದ್ದು ಇಲ್ಲಿ, ಪಂಪಿನಿಂದ ನೀರು ಹೊರಬರುವ ಕಡೆ. ಇಷ್ಟು ಖರ್ಚು ಬೇಡವಾದರೆ ಈಗಿನ ಪಂಪ್ ತೆಗೆದು ಎರಡೂ ಟ್ಯಾಂಕನ್ನು 2 ಮೀಟರ್ ಎತ್ತರಿಸಿ, ಇಳಿಪೈಪನ್ನು 1 ಇಂಚು ಮಾಡಿ. ಶವರ್ ಜೋರಾಗದು, ಆದರೆ ಮೈಗೆ ಸಾಕು.

ಅಡುಗೆಮನೆಯದು ಬೇರೆ ಕತೆ. ಮುಕ್ಕಾಲು ಇಂಚಿನ ಸಿಪಿವಿಸಿ ಮೀಟರಿಗೆ ಕಾಲು ಲೀಟರ್ ಹಿಡಿಯುತ್ತದೆ. 20 ಮೀಟರಿಗೆ 5 ಲೀಟರ್. ಅಷ್ಟು ತಣ್ಣೀರು ಹೋಗದೆ ಬಿಸಿ ಬಾರದು. ಪೈಪಿನಲ್ಲಿ ನಿಂತ ತಣ್ಣೀರನ್ನು ಟ್ಯಾಂಕಿಗೆ ಮರಳಿಸಲು, ನಲ್ಲಿಯ ಬುಡದಿಂದ ಅರ್ಧ ಇಂಚಿನ ರಿಟರ್ನ್ ಪೈಪನ್ನು ಸೋಲಾರಿನ ತಣ್ಣೀರು ಒಳಹೋಗುವ ತುದಿಗೆ ಸೇರಿಸಬಹುದು. ಬಿಸಿನೀರಿಗೆ ಪಂಪ್ ಬಂದ ಮೇಲೆ ಬೇರೆ ಸರ್ಕ್ಯುಲೇಶನ್ ಪಂಪ್ ಬೇಡ. ರಿಟರ್ನಿನಲ್ಲಿ ಗುಂಡಿ ಒತ್ತಿದರೆ ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಸಾಕು. ಅದರಾಚೆ ಎನ್‌ಆರ್‌ವಿ ಮರೆತರೆ ತಣ್ಣೀರು ಹಿಂದಿನಿಂದ ನಲ್ಲಿಗೇ ಇಳಿಯುತ್ತದೆ. ರಾತ್ರಿಯಿಡೀ ನೀರು ಸುತ್ತಲು ಬಿಟ್ಟರೆ ಬೆಳಗಿನ ಸ್ನಾನದ ಬಿಸಿ ಪೈಪಿನಲ್ಲೇ ಆರುತ್ತದೆ.

ಪಾತ್ರೆ ತೊಳೆಯಲಷ್ಟೇ ಆದರೆ ಗೋಡೆ ಒಡೆಸುವ ಬದಲು 3 ಲೀಟರಿನ ಇನ್‌ಸ್ಟಂಟ್ ಗೀಸರ್ ಹಾಕಿಸಿ. 3 ಕಿಲೋವ್ಯಾಟಿನದಾದ್ದರಿಂದ ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್), 16 ಆಂಪಿಯರ್ ಪಾಯಿಂಟ್ ಬೇಕು. ಸೋಲಾರ್ ಮಂಕಾಗುವ ಮಳೆಗಾಲದ ಆಟಿ ತಿಂಗಳಿಗೂ ಒದಗುತ್ತದೆ. ಸ್ನಾನಕ್ಕೆ ಆಗ ಬಚ್ಚಲ ಹಂಡೆ ಇದ್ದೇ ಇದೆಯಲ್ಲ.